ಆರನೇ ಪೀಪಾಯಿಯ ಸೊನ್ನೆ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ವೈನರಿಯ ಮೇಲಿನ ಉದ್ದ ಕೋಣೆಗೆ ಹತ್ತು ಜನ ಬಂದು ಕೂರುತ್ತಿದ್ದರು. ವೈನ್ ಸವಿಯುವುದನ್ನು ಕಲಿಯಲು ಬಂದವರು. ಕುಡಿಯುವುದನ್ನೂ ಪಾಠ ಹೇಳಿಸಿಕೊಂಡು ಕಲಿಯಬೇಕೆ ಎಂದು ಮೂಗು ಮುರಿಯುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಅಂಥವರನ್ನು ಹಿಡಿದು ತಂದು ಗುಟುಕಮ್ಮನ ಎದುರು ಅರ್ಧ ಗಂಟೆ ಕೂರಿಸಬೇಕಿತ್ತು.

“ಲೋಟದ ಹೊಟ್ಟೆ ಹಿಡೀಬೇಡಿ, ಕಾಲು ಹಿಡೀರಿ,” ಎಂದು ಶುರು ಮಾಡುತ್ತಿದ್ದಳು. “ಕೈ ಬಿಸಿ ತಾಗಿದ್ರೆ ಒಳಗಿರೋದು ಕೆಡುತ್ತೆ. ಕಾಲು ಹಿಡಿಯೋಕೆ ನಾಚಿಕೆ ಯಾಕೆ? ಕೆಲಸ ಆಗ್ಬೇಕಂದ್ರೆ ಎಲ್ಲರೂ ಹಿಡಿಯೋದೇ.”

ಜನ ನಗುತ್ತಿದ್ದರು. ಆಮೇಲೆ ಬಿಳಿ ಕಾಗದದ ಮೇಲೆ ಲೋಟವನ್ನು ಓರೆ ಮಾಡಿ ಬಣ್ಣ ನೋಡಬೇಕು. ಅಂಚಿನಲ್ಲಿ ನೇರಳೆ ಇದ್ದರೆ ವೈನ್ ಇನ್ನೂ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಲೋಟವನ್ನು ಮೇಜಿನ ಮೇಲೆಯೇ ಇಟ್ಟು ಮೂರು ಸುತ್ತು ತಿರುಗಿಸಬೇಕು; ಹೊಸಬರು ಗಾಳಿಯಲ್ಲಿ ತಿರುಗಿಸಲು ಹೋದರೆ ಪಕ್ಕದವರ ಬಟ್ಟೆ ಕೆಂಪಾಗುತ್ತದೆ. ತಿರುಗಿಸಿದ ಕೂಡಲೇ ಮೂಗನ್ನು ಲೋಟದ ಒಳಗೇ ಇಟ್ಟು ಮೂಸಬೇಕು. ಆಮೇಲೆ ಸಣ್ಣದೊಂದು ಗುಟುಕು, ನುಂಗದೆ ನಾಲಿಗೆಯ ಮೇಲೆ ಹೊರಳಾಡಿಸಿ, ತುಟಿಯ ಸಂದಿಯಿಂದ ಒಂದಿಷ್ಟು ಗಾಳಿ ಎಳೆದುಕೊಂಡು, ಪಕ್ಕದ ಬಕೆಟ್ಟಿಗೆ ಉಗುಳಬೇಕು. ಅನಿಸಿದ್ದನ್ನು ಚೀಟಿಯಲ್ಲಿ ಬರೆಯಬೇಕು, ಬರೆದ ಮೇಲೆಯೇ ಬಾಯಿ ಬಿಡಬೇಕು.

“ನಾಲಿಗೆಗೆ ಗೊತ್ತಾಗೋದು ನಾಲ್ಕೈದೇ. ಸಿಹಿ, ಹುಳಿ, ಕಹಿ, ಒಗರು. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ಮೂಗು ಸತ್ತವರು ವೈನ್ ಕುಡಿದರೂ ಒಂದೇ, ಹುಳಿ ನೀರು ಕುಡಿದರೂ ಒಂದೇ,” ಎನ್ನುವುದು ಅವಳ ಪಾಠದ ಮುಖ್ಯ ಮಾತು. ಎಷ್ಟು ನೂರು ಜನರಿಗೆ ಅದನ್ನು ಹೇಳಿದ್ದಳೋ ಲೆಕ್ಕವಿಲ್ಲ. ಒಂದು ದಿನ ಆ ಮಾತು ತನ್ನ ಮೇಲೆಯೇ ತಿರುಗಿ ಬೀಳುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗುಟುಕಮ್ಮ ಎಂಬುದು ಹುಟ್ಟು ಹೆಸರಲ್ಲ. ಮೂವತ್ತೊಂದು ವರ್ಷ, ದಿನಕ್ಕೆ ಇಪ್ಪತ್ತು ಮೂವತ್ತು ಗುಟುಕು ಬಾಯಿಗೆ ಹಾಕಿಕೊಂಡು ಒಂದನ್ನೂ ನುಂಗದೆ ಉಗುಳಿದವಳಿಗೆ ಕೆಲಸದವರು ಇಟ್ಟ ಹೆಸರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅಂದರು, ಕೊನೆಗೆ ಅವಳ ಗಂಡನೂ ಅಂದ. ಅವಳಿಗೂ ಅದು ಒಗ್ಗಿಹೋಯಿತು.

ಅವಳು ಅಲ್ಲಿಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಸೇರಿದ ಮೂರನೇ ವಾರ, ತೊಳೆದು ಒಣಗಲು ಬೋರಲಿಟ್ಟಿದ್ದ ಇನ್ನೂರು ಬಾಟಲಿಗಳ ಸಾಲಿನಿಂದ ಒಂದನ್ನು ಎತ್ತಿ, “ಇದರಲ್ಲಿ ಯಾರೋ ಸೀಮೆಎಣ್ಣೆ ಇಟ್ಟಿದ್ರು,” ಎಂದಳು. ನೆಲಮಾಳಿಗೆಯ ಮೇಸ್ತ್ರಿ ಮೂಸಿದ, ಏನೂ ಬರಲಿಲ್ಲ. ಬಿಸಿನೀರು ಹಾಕಿ ಕುಲುಕಿ ಮೂಸಿದ ಮೇಲೆ ಬಂತು. ಅವನು ಅವಳನ್ನು ಒದ್ದೆ ಕೈಯಲ್ಲೇ ಆಗಿನ ಯಜಮಾನರ ಹತ್ತಿರ ಕರೆದೊಯ್ದು, “ಈ ಹುಡುಗಿ ಮೂಗನ್ನ ಸೋಪಿನ ನೀರಲ್ಲಿ ಹಾಳು ಮಾಡಬೇಡಿ,” ಎಂದ. ಆವತ್ತಿನಿಂದ ಅವಳು ಅವನನ್ನು ಅಣ್ಣ ಎಂದೇ ಕರೆದದ್ದು. ಒಡಹುಟ್ಟಿದವರು ಯಾರೂ ಇಲ್ಲದವಳಿಗೆ ಅದು ಬಾಯಿಮಾತಿನ ಅಣ್ಣತನವಾಗಿರಲಿಲ್ಲ.

ಆ ವೈನರಿಯಲ್ಲಿ ಒಂದು ಕಟ್ಟಳೆ ಇತ್ತು. ಬೇರೆ ಕಡೆ ನಾಲ್ಕೈದು ಜನ ಕೂತು ರುಚಿ ನೋಡಿ ತೀರ್ಮಾನಿಸುತ್ತಾರಂತೆ; ಇಲ್ಲಿ ಒಂದೇ ಮೂಗು. ಇಬ್ಬರು ಮೂಸಿದರೆ ವೈನಿಗಿಂತ ಮೊದಲು ಜಗಳ ಹುಳಿಯುತ್ತದೆ ಎಂದು ಅದನ್ನು ಕಟ್ಟಿದ ಅಜ್ಜ ಹೇಳಿಹೋಗಿದ್ದರು. ವರ್ಷಕ್ಕೊಮ್ಮೆ ನೆಲಮಾಳಿಗೆಯ ಹತ್ತು ದೊಡ್ಡ ಮರದ ಪೀಪಾಯಿಗಳಿಂದ ಸ್ವಲ್ಪ ಸ್ವಲ್ಪ ವೈನ್ ಮೇಲೆ ಬರುತ್ತದೆ. ಆ ಒಬ್ಬರು ನೋಡಿ, ಸರಿ ಇದ್ದ ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಹಾಕುತ್ತಾರೆ, ಕೆಟ್ಟದ್ದರ ಮೇಲೆ ಅಡ್ಡಗೆರೆ. ಸೊನ್ನೆ ಬಿದ್ದ ಮೇಲೆ ಯಜಮಾನರೂ ಮತ್ತೆ ಮೂಸುವಂತಿಲ್ಲ. ಸೊನ್ನೆ ಬಿದ್ದವೆಲ್ಲ ಒಂದೇ ಸ್ಟೀಲ್ ಟ್ಯಾಂಕಿಗೆ ಹೋಗಿ ಬೆರೆತು ಆ ವರ್ಷದ ವೈನ್ ಆಗುತ್ತವೆ. ಇಪ್ಪತ್ತಾರು ವರ್ಷದಿಂದ ಆ ಸೊನ್ನೆ ಗುಟುಕಮ್ಮನದು. ಬಾಟಲಿಯ ಲೇಬಲ್ಲಿನ ಮೇಲೆ ಅವಳ ಸಹಿಯೂ ಅಚ್ಚಾಗುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಸಹಿ, ಮೊದಲ ಅಕ್ಷರ ಕುಂಬಳಕಾಯಿಯಷ್ಟು, ಮಿಕ್ಕದ್ದು ಇರುವೆ ಸಾಲು. ಮೂಗಿಗಿಂತ ಮೂಗುತಿ ಭಾರ ಎಂದು ಗಂಡ ಛೇಡಿಸುತ್ತಿದ್ದ.

ಆ ವರ್ಷ ಪೀಪಾಯಿ ನೋಡುವ ತಿಂಗಳಿಗೆ ಸರಿಯಾಗಿ ಅವಳಿಗೆ ಜ್ವರ ಬಂತು, ಮೂರು ದಿನ ಇದ್ದು ಹೋಯಿತು. ನಾಲ್ಕನೇ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಪಕ್ಕದಲ್ಲೇ ನಿಂತು ಕಿಟಕಿಯಾಚೆ ನೋಡುತ್ತಿದ್ದಳು. ಹಿಂದಿನ ಕೋಣೆಯಿಂದ ಗಂಡ ಓಡಿಬಂದ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಗಂಟಲು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ.

“ಏನೇ ಇದು, ಹಾಲು ಸೀದು ಕರಕಲಾಗ್ತಿದೆ, ಪಕ್ಕದಲ್ಲೇ ನಿಂತಿದೀಯಲ್ಲ?”

ಪಾತ್ರೆಯ ತಳ ಕಪ್ಪಾಗಿತ್ತು. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಏನೂ ಬರಲಿಲ್ಲ.

ಅವಳು ಒಲೆ ಆರಿಸಿ ಕಾಫಿಪುಡಿಯ ಡಬ್ಬಿಗೆ ಮೂಗಿಟ್ಟಳು. ಮಣ್ಣು ಮೂಸಿದ ಹಾಗಾಯಿತು. ಮಣ್ಣಿಗಾದರೂ ಒಂದು ವಾಸನೆ ಇರುತ್ತದೆ. ಈರುಳ್ಳಿ ಕೊಯ್ದಳು, ಕಣ್ಣಲ್ಲಿ ನೀರು ಬಂತು, ಅಷ್ಟೆ. ಬಚ್ಚಲಿಗೆ ಹೋಗಿ ಫಿನಾಯಿಲ್ ಮೂಸಿದಳು, ಸೋಪು ಮೂಸಿದಳು, ಗಂಡನ ಬೆವರಿನ ಶರಟು, ಒದ್ದೆ ಚಾಪೆ, ಕೊನೆಗೆ ತನ್ನದೇ ಅಂಗೈ. ಎಲ್ಲವೂ ಒಂದೇ ಆಗಿದ್ದವು. ಬಚ್ಚಲ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಅವಳಿಗೆ ತುಂಬಾ ಭಯವಾಗಿತ್ತು.

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, “ಜ್ವರ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ. ತಿಂಗಳಲ್ಲಿ ವಾಪಸ್ ಬರಬಹುದು, ವರ್ಷಕ್ಕೆ ಬರಬಹುದು, ಬರದೇನೂ ಇರಬಹುದು. ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿದರು.

“ಮನೇಲೇ ಇರ್ತೀನಿ,” ಎಂದಳು. ಆ ತಿಂಗಳ ಮೊದಲ ಸುಳ್ಳು ಅದು.

ಬರುವ ದಾರಿಯಲ್ಲಿ ಗಂಡ ಬಿಡಲಿಲ್ಲ. “ಯಜಮಾನ್ರಿಗೆ ಹೇಳಿಬಿಡು. ಒಂದು ತಿಂಗಳು ತಡ ಆದ್ರೆ ವೈನೇನು ಓಡಿಹೋಗುತ್ತಾ?”

“ಹೇಳಿದ ಮೇಲೆ ನಾನ್ಯಾರು ಹೇಳಿ? ಕಾಲು ಮುರಿದವರಿಗಾದ್ರೂ ಕೂತು ಮಾಡೋ ಕೆಲಸ ಇರುತ್ತೆ. ನನಗೆ ಇನ್ನೇನು ಬರುತ್ತೆ, ಬಾಟಲಿ ತೊಳೆಯೋದು ಬಿಟ್ಟು?”

“ಹಾಗಂತ ಕಣ್ಣು ಮುಚ್ಚಿಕೊಂಡು ಸೊನ್ನೆ ಹಾಕ್ತೀಯಾ?”

“ನಾಳೆ ಬರಬಹುದು. ಡಾಕ್ಟ್ರೇ ಹೇಳಿದ್ರಲ್ಲ, ಬರಬಹುದು ಅಂತ.”

ಬರದೇನೂ ಇರಬಹುದು ಎಂಬ ಅರ್ಧವನ್ನು ಅವಳು ಅಲ್ಲೇ ಬಿಟ್ಟುಬಂದಿದ್ದಳು. ಗಂಡ ನಿಟ್ಟುಸಿರು ಬಿಟ್ಟು ಸುಮ್ಮನಾದ. ಸುಮ್ಮನಾಗಬಾರದಿತ್ತು, ಆದರೆ ನಮ್ಮ ಹಟದ ಹೆಂಗಸರ ಗಂಡಂದಿರು ಮೂವತ್ತು ವರ್ಷದಲ್ಲಿ ಕಲಿಯುವುದು ಅದೊಂದನ್ನೇ.

ಮೇಸ್ತ್ರಿ ಮೊದಲ ನಾಲ್ಕು ಪೀಪಾಯಿಗಳ ವೈನನ್ನು ಬಾಟಲಿಗಳಲ್ಲಿ ತಂದಿಟ್ಟಾಗ, “ಶೀತ ಇದೆ ಅಣ್ಣ, ಶನಿವಾರ ನೋಡ್ತೀನಿ,” ಎಂದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಸರಿ ಎಂದು ಇಳಿದುಹೋದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಆ ಒಂದು ನೋಟಕ್ಕೆ ಅವಳು ಬಾಟಲಿಗಳನ್ನು ಸುಮ್ಮನೆ ಅತ್ತಿತ್ತ ಸರಿಸತೊಡಗಿದಳು.

ಶನಿವಾರ ಬಂತು, ಮೂಗು ಬರಲಿಲ್ಲ. ಮೇಲಿನ ಕೋಣೆಯಲ್ಲಿ ಹೊಸ ತಂಡ ಕೂತಿತ್ತು. ಮೂರು ಶನಿವಾರದ ಪಾಠಕ್ಕೆ ಬಂದವರು. ಒಬ್ಬ ಹಲ್ಲಿನ ಡಾಕ್ಟರು, ಶಾಲೆಯಲ್ಲಿ ಗಣಿತ ಹೇಳುವ ಮೇಡಂ, ಹೊಸದಾಗಿ ಮದುವೆಯಾದ ಜೋಡಿ, ಹೀಗೆ. ಕೊನೆಯ ಕುರ್ಚಿಯಲ್ಲಿ ಒಬ್ಬ ದರ್ಜಿ ಹೆಂಗಸು. ವೈನರಿಯವರ ಏಪ್ರನ್ನುಗಳನ್ನು ಹೊಲಿದುಕೊಟ್ಟವಳು. ಯಜಮಾನರು ಖುಷಿಯಾಗಿ ಪಾಠಕ್ಕೆ ಬಾ ಎಂದಿದ್ದರು. ಅಲ್ಲಿದ್ದ ಯಾರ ಎದುರೂ ಬಾಯಿ ಬಿಡಲು ಆಕೆಗೆ ಧೈರ್ಯವಿರಲಿಲ್ಲ.

ಅವರ ಮುಖಗಳನ್ನು ನೋಡುತ್ತಿದ್ದಂತೆ ಗುಟುಕಮ್ಮನಿಗೆ ಆ ಯೋಚನೆ ಹೊಳೆಯಿತು. ಪಾಠಕ್ಕೆಂದು ಇಟ್ಟಿದ್ದ ಹಳೆಯ ವೈನನ್ನು ಪಕ್ಕಕ್ಕೆ ಸರಿಸಿ ಪೀಪಾಯಿಯ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು.

“ಇವತ್ತು ನಿಮಗೆ ಯಾರಿಗೂ ಕೊಡದ್ದು ಕೊಡ್ತೀನಿ. ಏನು ಬಂದ್ರೂ ಹೇಳಿ. ಇದರಲ್ಲಿ ತಪ್ಪು ಉತ್ತರ ಅನ್ನೋದಿಲ್ಲ.”

ಅವರು ಹೇಳಿದರು. ಏನೂ ತಿಳಿಯದವರಾದ್ದರಿಂದ ಮುಚ್ಚುಮರೆ ಇಲ್ಲದೆ ಹೇಳಿದರು. ಮೊದಲನೆಯದು ಪೆನ್ಸಿಲ್ ಕೆತ್ತಿದ ಹಾಗಿದೆ, ಎರಡನೆಯದು ಅಜ್ಜಿಯ ಪೆಟ್ಟಿಗೆಯ ಹಾಗಿದೆ, ಹಣ್ಣು, ಹೊಸ ಚಪ್ಪಲಿ. ಮೂರನೆಯದನ್ನು ಮೂಸಿ ಹಲ್ಲಿನ ಡಾಕ್ಟರು ಹಿಂದಕ್ಕೆ ಸರಿದರು. “ಬೇಜಾರು ಮಾಡ್ಕೋಬೇಡಿ, ನನಗೆ ನೇಲ್ ಪಾಲಿಶ್ ಥರ ಬರ್ತಿದೆ.” ಪಕ್ಕದವರೂ ಹೌದೆಂದು ತಲೆಯಾಡಿಸಿದರು. ಗುಟುಕಮ್ಮ ತನ್ನ ಲೋಟವನ್ನು ಮೂಸಿದ ಹಾಗೆ ಮಾಡಿ, “ಭೇಷ್,” ಎಂದಳು. ಮಧ್ಯಾಹ್ನ ಇಳಿದುಹೋಗಿ ಮೂರಕ್ಕೆ ಅಡ್ಡಗೆರೆ ಎಳೆದಳು, ಒಂದು ಎರಡು ನಾಲ್ಕಕ್ಕೆ ಸೊನ್ನೆ.

“ನನಗೂ ಅನುಮಾನ ಇತ್ತು, ಅದರ ಮುಚ್ಚಳ ಸಡಿಲ ಆಗಿತ್ತು,” ಎಂದ ಮೇಸ್ತ್ರಿ. “ಮೂಗು ಸರಿ ಹೋಯ್ತಾ?”

“ಹೋಯ್ತು.”

ಮನೆಗೆ ಬಂದು ಅವಳು ಆ ದಿನ ಹೊಟ್ಟೆ ತುಂಬ ಉಂಡಳು. ರುಚಿ ಇರಲಿಲ್ಲ, ಆದರೆ ಹಸಿವಿತ್ತು. ಒಂದು ಮೂಗು ಹೋದರೇನು, ಹತ್ತು ಸಿಕ್ಕವು ಎಂದುಕೊಂಡಳು. ಕೇಡು ಮೊದಲ ಸಲ ಬಂದಾಗ ನೆಂಟರ ಹಾಗೆ ನಗುತ್ತಲೇ ಬರುತ್ತದೆ.

ಅವಳಿಗೆ ಹೊಳೆಯದೇ ಹೋದದ್ದು ಒಂದೇ. ಮೊದಲ ಶನಿವಾರದ ಹೊಸಬರು ಎರಡನೇ ಶನಿವಾರಕ್ಕೆ ಹೊಸಬರಾಗಿ ಉಳಿದಿರುವುದಿಲ್ಲ. ವಾರವಿಡೀ ಅವರು ಮನೆಯಲ್ಲಿ ಅಭ್ಯಾಸ ಮಾಡಿದ್ದರು, ಪುಸ್ತಕ ಓದಿದ್ದರು, ಪದಗಳನ್ನು ಗಟ್ಟಿ ಮಾಡಿದ್ದರು. ಈಗ ಅವರಿಗೆ ಬೇಕಿದ್ದದ್ದು ಗುಟುಕಮ್ಮನ ಬಾಯಿಂದ ಭೇಷ್ ಅನ್ನಿಸಿಕೊಳ್ಳುವುದು. ಲೋಟಕ್ಕೆ ಮೂಗಿಟ್ಟು ಕಣ್ಣನ್ನು ಅವಳ ಮುಖದ ಮೇಲೆ ಇಡತೊಡಗಿದ್ದರು. ಅವಳು ಅವರ ಮುಖ ನೋಡುತ್ತಿದ್ದಳು, ಅವರು ಅವಳ ಮುಖ ನೋಡುತ್ತಿದ್ದರು. ನಡುವೆ ಲೋಟದಲ್ಲಿದ್ದ ವೈನನ್ನು ಕೇಳುವವರೇ ಇರಲಿಲ್ಲ.

ಐದನೇ ಪೀಪಾಯಿ ಸರಿಯಾಗಿಯೇ ಹೋಯಿತು. ಆರನೆಯದನ್ನು ಮೊದಲು ಮೂಸಿದವಳು ದರ್ಜಿ. ಅವಳ ಹುಬ್ಬು ಕೊಂಚ ಗಂಟಿಕ್ಕಿತು. ಮತ್ತೊಮ್ಮೆ ಮೂಸಿದಳು. ಚೀಟಿಯಲ್ಲಿ ಏನೋ ಗೀಚಿ, ತಲೆ ಎತ್ತಿ ಗುಟುಕಮ್ಮನನ್ನು ನೋಡಿದಳು. ಪಾಪ, ಪದ ಸಿಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡು ಗುಟುಕಮ್ಮ ಧೈರ್ಯ ತುಂಬಲು ನಕ್ಕಳು. ಆ ನಗುವನ್ನು ಹತ್ತು ಜನರೂ ನೋಡಿದರು.

“ಮಾಗಿದ ಹಣ್ಣು,” ಎಂದರು ಗಣಿತದ ಮೇಡಂ.

“ಹೌದು, ಆದ್ರೆ ತುಂಬ ಗಂಭೀರವಾಗಿದೆ. ಬಾಯಿ ಬಿಡದ ದೊಡ್ಡ ಮನುಷ್ಯರ ಹಾಗೆ,” ಎಂದರು ಹಲ್ಲಿನ ಡಾಕ್ಟರು. ಎಲ್ಲರೂ ತಲೆದೂಗಿದರು.

“ನಿಮಗೇನಮ್ಮ?” ಎಂದು ಗುಟುಕಮ್ಮ ದರ್ಜಿಯನ್ನು ಕೇಳಿದಳು.

“ನನಗೂ ಹಾಗೇ,” ಎಂದು ಆಕೆ ಮೆಲ್ಲಗೆ ಹೇಳಿ, ಲೋಟವನ್ನು ಬೆರಳ ತುದಿಯಿಂದ ಒಂದಿಂಚು ಆಚೆ ತಳ್ಳಿದಳು.

ಆ ಒಂದಿಂಚು ಗುಟುಕಮ್ಮನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಪಾಠ ಮುಗಿದು ಎಲ್ಲರೂ ಎದ್ದಾಗ ಬಾಗಿಲವರೆಗೆ ಹೋದಳು. ದರ್ಜಿ ಮೆಟ್ಟಿಲಿಳಿಯುತ್ತಿದ್ದಳು. ಕರೆದು, ‘ನಿಜವಾಗಿ ಏನು ಬಂತು ಹೇಳಮ್ಮ’ ಎಂದು ಕೇಳಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಮೂಗು ಎರಡು ವಾರದ ಮೂಗನ್ನು ಯಾಕೆ ಕೇಳಬೇಕು? ಕೇಳಿದ ಕೂಡಲೇ ಗುಟ್ಟು ಬಯಲು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಒಳಗೆ ಬಂದು ಆರನೆಯದನ್ನು ಬಾಯಿಗೆ ಹಾಕಿಕೊಂಡಳು. ಹುಳಿ ಸರಿ ಇತ್ತು, ಒಗರು ಸರಿ ಇತ್ತು. ನಾಲಿಗೆಗೆ ಅದಕ್ಕಿಂತ ಹೆಚ್ಚು ಗೊತ್ತಾಗುವುದಿಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ ಬಹಳ ಹೊತ್ತು ಇಟ್ಟುಕೊಂಡಿದ್ದು, ಉಗುಳಿದಳು. ಚೀಟಿಗಳನ್ನು ಒಟ್ಟುಮಾಡಿ, ಓದದೆ ಡ್ರಾಯರಿಗೆ ಹಾಕಿದಳು. ನೆಲಮಾಳಿಗೆಗೆ ಇಳಿದು ಆರನೇ ಪೀಪಾಯಿಯ ಮೇಲೆ ಸೊನ್ನೆ ಎಳೆದಳು.

ಮೂರನೇ ಶನಿವಾರ ದರ್ಜಿ ಬರಲಿಲ್ಲ. ಮಿಕ್ಕ ಒಂಬತ್ತು ಜನ ಉಳಿದ ಪೀಪಾಯಿಗಳನ್ನೆಲ್ಲ ಹೊಗಳಿದರು. ಅಷ್ಟೊಂದು ಹೊಗಳಿಕೆ ಕೇಳಿ ಅವಳಿಗೇ ಅನುಮಾನ ಹುಟ್ಟಿತು. ಮೊದಲ ವಾರ ಪೆನ್ಸಿಲ್ಲು, ಚಪ್ಪಲಿ ಎಂದಿದ್ದವರು ಈಗ ಪ್ರತಿ ಪೀಪಾಯಿಗೂ ಹಣ್ಣು, ಗಂಭೀರ ಎನ್ನುತ್ತಿದ್ದರು. ಆಗಲೂ ನಿಲ್ಲಿಸಬಹುದಿತ್ತು; ಅವಳು ಅವಕ್ಕೂ ಸೊನ್ನೆ ಹಾಕಿದಳು.

ಸೋಮವಾರ ಟ್ಯಾಂಕಿಗೆ ವೈನ್ ಹರಿಸುವ ಕೆಲಸ ಶುರುವಾಯಿತು. ರಬ್ಬರ್ ಪೈಪನ್ನು ಮೇಸ್ತ್ರಿ ತಾನೇ ತೊಳೆಯುತ್ತಿದ್ದ, ಆ ಕೆಲಸ ಇನ್ನೊಬ್ಬರಿಗೆ ಬಿಟ್ಟವನೇ ಅಲ್ಲ. ಐದನೆಯದನ್ನು ಮುಗಿಸಿ, ಪೈಪಿನ ತುದಿಯನ್ನು ಆರನೇ ಪೀಪಾಯಿಗೆ ಸಿಕ್ಕಿಸಿ, ಪಂಪಿನ ಮೇಲೆ ಕೈಯಿಟ್ಟು ನಿಂತ. ನೆಲಮಾಳಿಗೆಯಲ್ಲಿ ಅವರಿಬ್ಬರೇ ಇದ್ದರು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

“ತಂಗಿ, ಇನ್ನೊಂದ್ಸಲ ಏನಾದ್ರೂ ನೋಡ್ಬೇಕಾ?”

ಇಪ್ಪತ್ತಾರು ವರ್ಷದಲ್ಲಿ ಅವನು ಹಾಗೆ ಕೇಳಿದ್ದೇ ಇಲ್ಲ. ಅವಳ ಹೆದರಿಕೆ ಹೊರಗೆ ಬಂದದ್ದು ಸಿಟ್ಟಾಗಿ.

“ಸೊನ್ನೆ ಕಾಣಲ್ವಾ ಅಣ್ಣ?”

“ಕಾಣುತ್ತೆ,” ಎಂದ. ಪಂಪು ಹಾಕಿದ. ಪೈಪು ಒಮ್ಮೆ ನಡುಗಿ ಗಟ್ಟಿಯಾಯಿತು.

ಹನ್ನೆರಡು ದಿನವಾದ ಮೇಲೆ ಯಜಮಾನರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟ್ಯಾಂಕಿನಿಂದ ತೆಗೆದ ವೈನಿನ ಲೋಟವಿತ್ತು. ಕಟ್ಟಳೆಯ ಪ್ರಕಾರ ಬೆರೆತ ವೈನನ್ನು ಮೊದಲು ಕುಡಿಯುವವರು ಯಜಮಾನರು. ಕುಡಿದಿದ್ದರು, ಮುಖ ಬೂದಿಯಾಗಿತ್ತು.

“ಮುಗ್ಗಲು ವಾಸನೆ,” ಎಂದರು. “ಇಡೀ ಟ್ಯಾಂಕು. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆ ಮೂಸಿದ ಹಾಗಿದೆ. ಒಂದು ವರ್ಷದ ಬೆಳೆ ಹೋಯ್ತು.”

ಒಂದು ಪೀಪಾಯಿಯ ಮರಕ್ಕೆ ಆ ಮುಗ್ಗಲು ಹತ್ತಿದರೆ ಸಾಕು. ಒಂದು ಹನಿ ಹುಳಿ ಬಿದ್ದರೆ ಕೊಡ ಹಾಲು ಹೇಗೋ ಹಾಗೆ ಬೆರೆತದ್ದೆಲ್ಲ ಹಾಳು. ಕುಡಿದವರಿಗೆ ಕಾಯಿಲೆಯೇನೂ ಬರುವುದಿಲ್ಲ, ಆದರೆ ಕುಡಿಯುವವರು ಯಾರೂ ಇರುವುದಿಲ್ಲ. ಅದು ನಾಲಿಗೆಗೆ ಸಿಗುವ ಕೇಡಲ್ಲ, ಮೂಗಿಗೆ ಮಾತ್ರ ಸಿಗುವಂಥದು. ಆರನೆಯದು ಎಂದು ಗುಟುಕಮ್ಮನಿಗೆ ಆ ಕ್ಷಣವೇ ಗೊತ್ತಾಯಿತು.

ಯಜಮಾನರ ಕಣ್ಣು ಮೇಸ್ತ್ರಿಯ ಮೇಲಿತ್ತು. “ಪೀಪಾಯಿಗಳ ಮೇಲೆ ಸೊನ್ನೆ ಬಿದ್ದಿತ್ತು. ಅಂದ್ರೆ ಅವು ಚೆನ್ನಾಗಿದ್ವು. ಸೊನ್ನೆ ಬಿದ್ದ ಮೇಲೆ ಕೆಟ್ಟಿದೆ ಅಂದ್ರೆ ದಾರಿಯಲ್ಲೇ ಕೆಟ್ಟಿರಬೇಕು. ಪೈಪು ಎಷ್ಟು ದಿನದಿಂದ ಒದ್ದೆ ಬಿದ್ದಿತ್ತು?”

“ಪೈಪು ನಾನೇ ತೊಳೆದಿದ್ದು. ಬಿಸಿನೀರಲ್ಲಿ ಎರಡು ಸಲ,” ಎಂದ ಮೇಸ್ತ್ರಿ. ಅಷ್ಟು ಹೇಳಿ ನೆಲ ನೋಡಿದ.

“ಅಮ್ಮ, ನಿಮಗಿಂತ ದೊಡ್ಡ ಸಾಕ್ಷಿ ಇಲ್ಲಿ ಇಲ್ಲ,” ಯಜಮಾನರು ಲೋಟವನ್ನು ಅವಳ ಕಡೆ ಸರಿಸಿದರು. “ಮರದ ಮುಗ್ಗಲು ಬೇರೆ, ರಬ್ಬರಿನದು ಬೇರೆ. ನೀವೇ ನೋಡಿ ಹೇಳಿ. ಪೀಪಾಯಿನೋ ಪೈಪೋ?”

ಅವಳು ಲೋಟದ ಕಾಲು ಹಿಡಿದಳು. ತಿರುಗಿಸಿದಳು. ಮೂಗನ್ನು ಒಳಗಿಟ್ಟಳು. ಒಳಗೆ ಏನೂ ಇರಲಿಲ್ಲ, ಗಾಜಿನ ತಂಪು ಮಾತ್ರ. ಆ ತಿಂಗಳೆಲ್ಲ ಮಾಡಿ ರೂಢಿಯಾಗಿದ್ದ ಹಾಗೆ ಉತ್ತರಕ್ಕಾಗಿ ತಲೆ ಎತ್ತಿ ಎದುರಿನ ಮುಖ ನೋಡಿದಳು. ಮೇಸ್ತ್ರಿಯ ಮುಖ ಬಗ್ಗಿತ್ತು, ಅದರಲ್ಲಿ ಓದಲು ಏನೂ ಇರಲಿಲ್ಲ. ಯಜಮಾನರ ಮುಖದಲ್ಲಿ ಉತ್ತರ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

“ಪೈಪಿನದು,” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಸ್ತ್ರಿ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ, ಸದ್ದಾಗದಂತೆ ಮೇಜಿನ ಮೇಲಿಟ್ಟು, ಅವಳ ಕಡೆ ನೋಡದೆ ಹೊರಗೆ ಹೋದ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಡ್ರಾಯರಿನಿಂದ ಚೀಟಿಗಳನ್ನು ತೆಗೆದಳು. ದರ್ಜಿಯ ಚೀಟಿ ಎಲ್ಲಕ್ಕಿಂತ ಕೆಳಗಿತ್ತು. ಆರು ಎಂಬುದರ ಎದುರು ಮೊದಲು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಮಾಗಿದ ಹಣ್ಣು’ ಎಂದು ಬರೆದಿದ್ದಳು. ಹೊಡೆದುಹಾಕಿದ್ದರೂ ಓದಲು ಬರುತ್ತಿತ್ತು. ‘ನೆನೆದ ರಟ್ಟು. ಕ್ಷಮಿಸಿ, ನನಗೆ ತಿಳಿಯುವುದಿಲ್ಲ.’ ಗುಟುಕಮ್ಮ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಆ ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಅವನು ಒಂದೇ ಮಾತು ಹೇಳಿದ, “ಬೆಳಿಗ್ಗೆ ಹೋಗು.” ಬೆಳಿಗ್ಗೆ ಹೋಗಿ ಯಜಮಾನರ ಎದುರು ನಿಂತು ಜ್ವರದಿಂದ ಹಿಡಿದು ಚೀಟಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೋದಂತೆ ಅವಳಿಗೆ ಎದೆ ಹಗುರಾಗುತ್ತಿತ್ತು. ಇನ್ನೇನು ಅವರು ಎದ್ದು ಬೈಯುತ್ತಾರೆ, ಹೊರಗೆ ಹಾಕುತ್ತಾರೆ, ಮೇಸ್ತ್ರಿಯನ್ನು ಕರೆಸುತ್ತಾರೆ ಎಂದು ಕಾದಳು.

ಯಜಮಾನರು ಎದ್ದು ಬಾಗಿಲು ಮುಚ್ಚಿ ಬಂದರು. “ಇದನ್ನ ಇನ್ನಾರಿಗಾದ್ರೂ ಹೇಳಿದೀರಾ?”

“ನಮ್ಮ ಮನೆಯವರಿಗೆ.”

“ಅವರಿಗೆ ಸಾಕು. ಇನ್ನು ಯಾರಿಗೂ ಬೇಡ.” ದನಿ ಮೆತ್ತಗಿತ್ತು. “ಹೋದ ವರ್ಷದ ಬಾಟಲಿ, ಅದರ ಹಿಂದಿನದು, ಎಲ್ಲದರ ಮೇಲೂ ನಿಮ್ಮ ಸಹಿ ಇದೆ. ನಿಮ್ಮ ಮೂಗು ಹೋಗಿದೆ ಅಂದ್ರೆ ಯಾವತ್ತಿಂದ ಅಂತ ಕೇಳ್ತಾರೆ. ಮೇಸ್ತ್ರಿ ಪೈಪು ತೊಳೀಲಿಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ.”

“ಅವನು ತೊಳೆದಿದ್ದ ಯಜಮಾನ್ರೇ.”

“ಪೈಪು ಅಂದಿದ್ದು ನೀವೇ ತಾನೆ?” ಎಂದು ಅವರು ಕನ್ನಡಕ ಒರೆಸಿಕೊಂಡರು. “ಮುಂದಿನ ವರ್ಷದ ಪೀಪಾಯಿ ನಾನು ಗುಟ್ಟಾಗಿ ನೋಡಿ ಹೇಳ್ತೀನಿ, ಸೊನ್ನೆ ನೀವು ಹಾಕಿ. ಶನಿವಾರ ಹೊಸ ತಂಡ ಬರ್ತಿದೆ. ಹತ್ತಕ್ಕೆ ಬಂದುಬಿಡಿ.”

ಅವಳು ಕಳೆದುಕೊಳ್ಳಲು ಹೆದರಿದ್ದು ಯಾವುದನ್ನೋ ಅದು ಅವಳ ಕೈಬಿಡಲಿಲ್ಲ. ಕುತ್ತಿಗೆಗೆ ಸುತ್ತಿಕೊಂಡಿತು.

ಅಲ್ಲಿಂದ ಅವಳು ನೆಟ್ಟಗೆ ಮೇಸ್ತ್ರಿಯ ಮನೆಗೆ ಹೋದಳು. ಎರಡು ಕೋಣೆಯ ಮನೆ, ಬಾಗಿಲು ಅರ್ಧ ತೆರೆದಿತ್ತು. ಅವನು ಕೆಳಗೆ ಕೂತು ಮುರಿದ ಸ್ಟೂಲಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದ. ಅವಳು ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು, ಯಜಮಾನರು ಅಂದದ್ದನ್ನೂ. ಅವನು ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡ.

“ನಿನಗೆ ವಾಸನೆ ಬರ್ತಿಲ್ಲ ಅಂತ ನನಗೆ ಮೊದಲ ವಾರವೇ ಗೊತ್ತಾಯ್ತು,” ಎಂದ. “ಸಿಗರೇಟು ಸೇದಿ ಬಂದ್ರೆ ಮೆಟ್ಟಿಲ ಹತ್ರದಿಂದಲೇ ಓಡಿಸ್ತಿದ್ದವಳು ನೀನು. ಒಂದಿನ ಬೇಕಂತಲೇ ಸೇದಿ ನಿನ್ನ ಪಕ್ಕ ನಿಂತೆ. ಏನೂ ಅನ್ನಲಿಲ್ಲ.”

“ಮತ್ತೆ ಯಾಕಣ್ಣ ಹೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಪಂಪಿನ ಹತ್ರ ಕೇಳಿದೆ, ನೆನಪಿದೆಯಾ? ಆಗಲೂ ಹೇಳಲಿಲ್ಲ. ಹೋಗಲಿ, ಪಾಠದಲ್ಲಿ ಹತ್ತು ಜನ ಮೂಸಿದ್ದಾರಲ್ಲ ಅಂತ ಧೈರ್ಯ ಮಾಡಿ ಹಾಕಿದೆ. ಅಷ್ಟು ತಪ್ಪು ನನ್ನದೂ ಇದೆ.”

ಅವನು ಎದ್ದು ಬಾಗಿಲ ಹತ್ತಿರ ಬಂದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

“ಮೂಗು ಹೋಗಿದ್ದು ಗೊತ್ತಿತ್ತು ತಂಗಿ. ನನ್ನ ಎದುರಿಗೇ ನಿಂತು ಪೈಪು ಅಂತೀಯ ಅಂತ ಮಾತ್ರ ಗೊತ್ತಿರಲಿಲ್ಲ.”

ಅಷ್ಟು ಹೇಳಿ, ಅವಳು ಹೊಸ್ತಿಲಿನಿಂದ ಕಾಲು ಹಿಂದೆಗೆಯುವವರೆಗೆ ಕಾದು, ಬಾಗಿಲು ಮುಚ್ಚಿಕೊಂಡ.